ಅಮ್ಮನ ಮೊಣಗಂಟು: ವೈದ್ಯರನ್ನೂ ವಿಮೆಯನ್ನೂ ವಿಚಾರಿಸಿಕೊಂಡು ಹೋದ ದಿನಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಪೇಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯ ಅಂಗಳದಿಂದ ಅಡಿಕೆ ತೋಟಕ್ಕೆ ಇಳಿಯಲು ಹತ್ತೊಂಬತ್ತು ಮೆಟ್ಟಿಲುಗಳಿವೆ. ಕೆಂಪುಕಲ್ಲಿನ ಆ ಮೆಟ್ಟಿಲುಗಳನ್ನು ದಿನಕ್ಕೆ ಮೂರು ನಾಲ್ಕು ಸಲ ಹತ್ತಿಳಿಯುತ್ತಿದ್ದ ಅಮ್ಮ 2025ರ ಮಳೆಗಾಲದಲ್ಲಿ ತೋಟಕ್ಕೆ ಇಳಿಯುವುದನ್ನೇ ಬಿಟ್ಟರು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಬಲಗಾಲಿನ ಗಂಟಿನೊಳಗೆ ಕಲ್ಲು ಸಿಕ್ಕಿಕೊಂಡ ಹಾಗೆ ಆಗುತ್ತದೆ ಎಂದು ಅವರು ಹೇಳುತ್ತಿದ್ದರು. ಅದಕ್ಕೂ ಮೊದಲೇ ಎರಡು ವರ್ಷ ಕೊಟ್ಟಂಚುಕ್ಕಾದಿ ತೈಲ ಹಚ್ಚಿ ಬಿಸಿನೀರಿನ ಶಾಖ ಕೊಟ್ಟಿದ್ದೆವು. ನೋವು ಹೆಚ್ಚಾದ ದಿನ ಪೇಟೆಯ ನಮ್ಮ ವೈದ್ಯರು ಕೊಟ್ಟ ಮಾತ್ರೆಯೂ ಆಗಿತ್ತು. ಸೆಪ್ಟೆಂಬರಿನಲ್ಲಿ ಅದೇ ವೈದ್ಯರು, ಮಾತ್ರೆಯನ್ನು ಹೀಗೆಯೇ ಮುಂದುವರಿಸಿದರೆ ಮೂತ್ರಪಿಂಡಕ್ಕೆ ತೊಂದರೆಯಾದೀತು, ಎಲುಬಿನ ತಜ್ಞರೊಬ್ಬರಿಗೆ ತೋರಿಸಿಬಿಡಿ ಎಂದು ಸ್ಪಷ್ಟವಾಗಿ ಹೇಳಿದರು.

ಯಾರಿಗೆ ತೋರಿಸುವುದು ಎಂಬ ಪ್ರಶ್ನೆ ನಮ್ಮ ಊರಿನಲ್ಲಿ ಸುಲಭದ್ದಲ್ಲ. ಕಾಸರಗೋಡು ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದೆ. ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲದ ಮೇಲೆ ಹೋದರೆ ಪುತ್ತೂರು, ಕುಂಬಳೆಗೆ ಇಳಿದು ಹೆದ್ದಾರಿ ಹಿಡಿದು ತಲಪಾಡಿ ದಾಟಿದರೆ ಮಂಗಳೂರು. ಮೂರು ದಿಕ್ಕಿನಲ್ಲೂ ಎಲುಬಿನ ತಜ್ಞರಿದ್ದಾರೆ, ಮೂರು ದಿಕ್ಕಿಗೂ ಬಸ್ಸಿದೆ. ಆದರೆ ಒಂದು ರಾಜ್ಯದ ನಿವಾಸಿಯಾಗಿ ಇನ್ನೊಂದು ರಾಜ್ಯದ ಆಸ್ಪತ್ರೆಗೆ ಹೋಗುವಾಗ ದುಡ್ಡಿನ ಲೆಕ್ಕವೂ ಮಾತಿನ ಲೆಕ್ಕವೂ ಬದಲಾಗುತ್ತವೆ. ನಾವು ಅಡಿಕೆ ಕೃಷಿಕರಾದುದರಿಂದ ಕೇರಳ ಸರಕಾರಿ ನೌಕರರಿಗೂ ಪಿಂಚಣಿದಾರರಿಗೂ 2022ರ ಜುಲೈಯಿಂದ ಇರುವ ಮೆಡಿಸೆಪ್ ಎಂಬ ಆರೋಗ್ಯ ವಿಮೆ ನಮಗಿಲ್ಲ. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ನಮ್ಮ ಕುಟುಂಬವಿಲ್ಲ. ಎಪ್ಪತ್ತು ದಾಟಿದ ಎಲ್ಲರಿಗೂ ಎಂದು 2024ರಲ್ಲಿ ಆಯುಷ್ಮಾನ್ ಭಾರತದಡಿ ಘೋಷಣೆಯಾದ ಸೌಲಭ್ಯಕ್ಕೆ ಅಮ್ಮನ ವಯಸ್ಸು ಇನ್ನೂ ಮೂರು ವರ್ಷ ಕಡಿಮೆ. ಉಳಿದದ್ದು 2021ರ ಮಾರ್ಚಿನಲ್ಲಿ ನಾನು ಅಮ್ಮನ ಹೆಸರಿನಲ್ಲಿ ಮಾಡಿಸಿದ್ದ ಆರೋಗ್ಯ ವಿಮೆಯೊಂದೇ.

ಮೊದಲು ವೈದ್ಯರನ್ನು ಹುಡುಕಿದೆ. ಜಾಹೀರಾತು ಫಲಕಗಳನ್ನು ನಂಬುವ ಬದಲು ಮೊಣಗಂಟಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನೇ ಕಂಡು ಮಾತನಾಡಿದೆ. ನೀರ್ಚಾಲಿನ ನಿವೃತ್ತ ಮಾಸ್ತರರೊಬ್ಬರು ಚಾವಡಿಯ ಮಣೆಯಿಂದ ಕೈಯೂರದೆ ಎದ್ದು ತೋರಿಸಿದರು. ಮುಳ್ಳೇರಿಯದ ಅಕ್ಕ ಒಬ್ಬರು, ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು, ಆದರೆ ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸುವವರಿಲ್ಲದೆ ಕಾಲು ಪೂರ್ತಿ ಮಡಚಲು ಬಾರದಂತಾಯಿತು ಎಂದು ನೊಂದುಕೊಂಡರು. ಎಷ್ಟು ವರ್ಷವಾಯಿತು, ಹೇಳಿದ ಅಂದಾಜಿಗಿಂತ ಬಿಲ್ಲು ಎಷ್ಟು ಹೆಚ್ಚು ಬಂತು, ಡಿಸ್ಚಾರ್ಜ್ ಆದ ಮೇಲೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಎಲ್ಲರಲ್ಲೂ ಕೇಳಿದೆ. ವೈದ್ಯರ ಹೆಸರಿನ ಮುಂದೆ ಎಂ.ಎಸ್. ಅಥವಾ ಡಿ.ಎನ್.ಬಿ. ಆರ್ಥೋಪೆಡಿಕ್ಸ್ ಎಂದಿರುವುದನ್ನೂ ನೋಂದಣಿ ಸಂಖ್ಯೆಯನ್ನೂ ಚೀಟಿಯಲ್ಲಿ ನೋಡಿ, ವೈದ್ಯಕೀಯ ಆಯೋಗದ ನೋಂದಣಿ ಪುಸ್ತಕದಲ್ಲಿ ಅಂತರ್ಜಾಲದ ಮೂಲಕ ತಾಳೆ ನೋಡಿದೆ. ಇದು ಹತ್ತು ನಿಮಿಷದ ಕೆಲಸ. ಹಿರಿಯರ ಮೈಮೇಲೆ ಕತ್ತರಿ ಇಡುವವರ ಬಗ್ಗೆ ಇಷ್ಟು ತಿಳಿದುಕೊಳ್ಳುವುದು ಅವಿಶ್ವಾಸವಲ್ಲ ಎಂದು ನನ್ನ ಭಾವನೆ.

ಅಕ್ಟೋಬರ್ ಮೊದಲ ವಾರ ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಯ ತಜ್ಞರನ್ನು ಕಂಡೆವು. ತಾಳ್ಮೆಯ ಮನುಷ್ಯರು. ಬದಿಯಡ್ಕದಲ್ಲಿ ಮಲಗಿಸಿ ತೆಗೆದಿದ್ದ ಹಳೆಯ ಎಕ್ಸ್‌ರೇಯನ್ನು ಪಕ್ಕಕ್ಕಿಟ್ಟು, ನಿಲ್ಲಿಸಿ ತೆಗೆದ ಎಕ್ಸ್‌ರೇ ಬೇಕು ಎಂದರು. ಮಲಗಿದಾಗ ಗಂಟಿನ ಮೇಲೆ ಭಾರ ಬೀಳುವುದಿಲ್ಲವಾದ್ದರಿಂದ ಎಲುಬುಗಳ ನಡುವೆ ಇನ್ನೂ ಜಾಗವಿದೆ ಎಂದು ತೋರುತ್ತದೆ, ನಿಂತಾಗಲೇ ಸವೆತದ ನಿಜ ತಿಳಿಯುವುದು ಎಂದು ವಿವರಿಸಿದರು. ಹೊಸ ಚಿತ್ರದಲ್ಲಿ ಬಲಗಾಲಿನ ಒಳಬದಿಯಲ್ಲಿ ಎಲುಬಿಗೆ ಎಲುಬು ತಾಗಿತ್ತು. ಸವೆತವನ್ನು ಒಂದರಿಂದ ನಾಲ್ಕರವರೆಗೆ ಅಳೆಯುವ ಕ್ರಮದಲ್ಲಿ ಅದು ನಾಲ್ಕನೆಯದು, ಎಡಗಾಲು ಮೂರನೆಯದು.

ಆ ವೈದ್ಯರ ವಿದ್ಯೆಯ ಬಗ್ಗೆ ನನಗೆ ಯಾವ ಸಂಶಯವೂ ಇರಲಿಲ್ಲ. ಆದರೆ ಅವರಿಗೆ ಕನ್ನಡ ಬಾರದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನಂತರ ಹುಟ್ಟಿದವರಾದರೂ ಅಮ್ಮ ಓದಿದ್ದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ, ತೋಟದ ಕೆಲಸದವರೊಂದಿಗೆ ತುಳು. ಮಲಯಾಳ ಅವರಿಗೆ ಅಂಗಡಿಯಲ್ಲಿ ಸಾಮಾನು ತರುವಷ್ಟು, ಬಸ್ಸಿನಲ್ಲಿ ಪಕ್ಕದವರೊಡನೆ ಕ್ಷೇಮ ಮಾತನಾಡುವಷ್ಟು ಬರುತ್ತದೆ. ನೋವನ್ನು ಹೇಳಲು ಅಷ್ಟು ಸಾಲುವುದಿಲ್ಲ. ರಾತ್ರಿ ಮಗ್ಗುಲು ಬದಲಿಸುವಾಗ ಹಿಡಿದುಕೊಳ್ಳುವುದು ಬೇರೆ, ಹೊತ್ತು ಕುಳಿತು ಏಳುವಾಗಿನ ಬಿಗಿತ ಬೇರೆ, ಮೆಟ್ಟಿಲಿಳಿಯುವಾಗ ಒಳಗಿನಿಂದ ಚುಚ್ಚುವುದು ಬೇರೆ. ಅಮ್ಮ ಐದು ವಾಕ್ಯಗಳಲ್ಲಿ ಹೇಳಿದ್ದನ್ನು ನಾನು ಮಲಯಾಳದಲ್ಲಿ ಒಂದೇ ವಾಕ್ಯ ಮಾಡಿ ಒಪ್ಪಿಸುತ್ತಿದ್ದೆ. ಎರಡು ಸಲ ಹಾಗಾದ ಮೇಲೆ ಅಮ್ಮ ಹೇಳುವುದನ್ನೇ ನಿಲ್ಲಿಸಿ, “ನೀನೇ ಹೇಳು ಮಗಾ” ಎಂದು ಸುಮ್ಮನಾದರು. ಕಾಲು ಅವರದು, ಮಾತು ನನ್ನದು ಎಂಬಂತಾದ ಆ ಗಳಿಗೆ ನನ್ನನ್ನು ಬಹಳ ಕಾಡಿತು.

ಆದರೂ ಗಂಟು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಅಲ್ಲಿಯೇ ಮಾಡಿಸುವ ಮನಸ್ಸಿತ್ತು, ಏಕೆಂದರೆ ಹತ್ತಿರ. ಹೊರಡುವಾಗ ಸ್ವಾಗತದ ಮೇಜಿನಲ್ಲಿ ವಿಮೆ ಕಂಪನಿಯ ಹೆಸರು ಹೇಳಿ ಕೇಳಿದಾಗ “ಇನ್ಶೂರೆನ್ಸ್ ಉಂಟು” ಎಂದರು. ವಿಮಾ ಕಂಪನಿಯ ಜಾಲತಾಣದ ಪಟ್ಟಿಯಲ್ಲೂ ಆಸ್ಪತ್ರೆಯ ಹೆಸರಿತ್ತು. ಇವೆರಡನ್ನು ನಂಬಿ ನಾನು ದಿನಾಂಕ ಕೇಳುವ ಹಂತಕ್ಕೂ ಬಂದಿದ್ದೆ. ಅದೃಷ್ಟಕ್ಕೆ, ಪಾಲಿಸಿ ಮಾಡಿಸಿಕೊಟ್ಟ ಏಜೆಂಟರು ಒಮ್ಮೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿಯೇ, ಕಾರ್ಡು ತೋರಿಸಿ, ಕ್ಯಾಶ್‌ಲೆಸ್ (ಬಿಲ್ಲನ್ನು ವಿಮಾ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ಕ್ರಮ) ಎಂಬ ಮಾತನ್ನೇ ಬಳಸಿ ಕೇಳಿ ಎಂದರು. ಮರುದಿನ ಹೋಗಿ ಕೇಳಿದರೆ, ನಮ್ಮ ಕಂಪನಿಯೊಂದಿಗಿನ ಒಪ್ಪಂದದ ಅವಧಿ ಮುಗಿದು ಕೆಲವು ತಿಂಗಳಾಗಿವೆ, ನವೀಕರಣವಾಗಿಲ್ಲ, ಹಣ ಕಟ್ಟಿ ಮಾಡಿಸಿಕೊಂಡು ಆಮೇಲೆ ಬಿಲ್ಲು ಕಳುಹಿಸಿ ಪಡೆದುಕೊಳ್ಳಬಹುದು ಎಂದರು. ಸ್ವಾಗತದವರು ಸುಳ್ಳು ಹೇಳಿರಲಿಲ್ಲ; ಅವರ ಮಟ್ಟಿಗೆ ‘ಇನ್ಶೂರೆನ್ಸ್ ಉಂಟು’ ಎಂದರೆ ಬಿಲ್ಲು ಕೊಡುತ್ತೇವೆ ಎಂದಷ್ಟೇ ಅರ್ಥ. ಒಪ್ಪಂದವಿಲ್ಲದ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಸಿಗಬೇಕೆಂದು 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಮಂಡಳಿ ಒಂದು ಏರ್ಪಾಡು ತಂದಿದೆ. ಮೊದಲೇ ಗೊತ್ತಿರುವ ಚಿಕಿತ್ಸೆಯಾದರೆ 48 ಗಂಟೆ ಮುಂಚೆ ಕಂಪನಿಗೆ ತಿಳಿಸಬೇಕು, ಕಂಪನಿ ಒಪ್ಪಬೇಕು. ಅದನ್ನೂ ಕೇಳಿದೆ. ಆಸ್ಪತ್ರೆಯವರು ಆ ಕ್ರಮಕ್ಕೆ ಸಿದ್ಧರಿರಲಿಲ್ಲ. ಎರಡು ಲಕ್ಷಕ್ಕೂ ಮೇಲ್ಪಟ್ಟ ಮೊತ್ತವನ್ನು ಅಡಿಕೆ ಕೊಯ್ಲಿಗೆ ಮೊದಲು ಕೈಯಿಂದ ಹಾಕುವ ಶಕ್ತಿ ನಮಗಿರಲಿಲ್ಲ.

ಆ ದಿನ ಮನೆಗೆ ಬಂದು, ನಾಲ್ಕು ವರ್ಷ ಕಪಾಟಿನಲ್ಲಿದ್ದ ಪಾಲಿಸಿ ಪುಸ್ತಕವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ವಯೋಸಹಜ ಸವೆತದಿಂದ ಮಾಡುವ ಕೀಲು ಬದಲಾವಣೆಗೆ ವಿಮೆಯ ಹಣ ಸಿಗಲು ಪಾಲಿಸಿ ಶುರುವಾದಂದಿನಿಂದ 48 ತಿಂಗಳು ಕಾಯಬೇಕು ಎಂದು ಅದರಲ್ಲಿತ್ತು. ವಿಮಾ ಕಂಪನಿಯ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಯವರಿಗೆ ಫೋನ್ ಮಾಡಿದಾಗ, ನೀವು ಓದುತ್ತಿರುವುದು ಹಳೆಯ ಪುಸ್ತಕ, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಕಾಯುವ ಅವಧಿಯ ಗರಿಷ್ಠ ಮಿತಿಯನ್ನು 36 ತಿಂಗಳಿಗೆ ಇಳಿಸಿದ ಮೇಲೆ ನಿಮ್ಮ ಪಾಲಿಸಿಯ ಷರತ್ತೂ ಬದಲಾಗಿದೆ, ಕೊನೆಯ ನವೀಕರಣದೊಂದಿಗೆ ಬಂದ ಷರತ್ತುಗಳನ್ನು ನೋಡಿ ಎಂದರು. ನಮ್ಮದು ಎರಡೂ ಲೆಕ್ಕದಲ್ಲಿ ದಾಟಿತ್ತು. ಒಂದು ವರ್ಷ ನಾನು ಕಂತನ್ನು ಹದಿನೆಂಟು ದಿನ ತಡವಾಗಿ ಕಟ್ಟಿದ್ದೆ. ಅದು ಮೂವತ್ತು ದಿನಗಳ ರಿಯಾಯಿತಿ ಅವಧಿಯೊಳಗೆ ಬಿದ್ದುದರಿಂದ ಕಾಯುವ ಅವಧಿಯ ಲೆಕ್ಕ ತುಂಡಾಗಿರಲಿಲ್ಲ. ಇನ್ನೂ ಹದಿಮೂರು ದಿನ ತಡಮಾಡಿದ್ದರೆ ಎಲ್ಲವೂ ಮೊದಲಿನಿಂದ ಎಣಿಕೆಯಾಗುತ್ತಿತ್ತು ಎಂದು ತಿಳಿದಾಗ ಎದೆ ಧಸಕ್ಕೆಂದಿತು.

ನಾನು ಎಣಿಸಿರದ ಇನ್ನೊಂದು ಸಂಗತಿ ವಿಮಾ ಮೊತ್ತದ್ದು. 2021ರಲ್ಲಿ ಮೂರು ಲಕ್ಷವಿದ್ದುದನ್ನು 2023ರ ಮಾರ್ಚಿನಲ್ಲಿ ಐದು ಲಕ್ಷಕ್ಕೆ ಏರಿಸಿದ್ದೆ. ಹೆಚ್ಚಿಸಿದ ಎರಡು ಲಕ್ಷಕ್ಕೆ ಕಾಯುವ ಅವಧಿ ಹೆಚ್ಚಿಸಿದ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಕಾರ್ಡಿನ ಮೇಲೆ ಐದು ಲಕ್ಷ ಎಂದು ಅಚ್ಚಾಗಿದ್ದರೂ ಅಮ್ಮನ ಮೊಣಗಂಟಿನ ಮಟ್ಟಿಗೆ ಇದ್ದದ್ದು ಮೂರೇ ಲಕ್ಷ. ಕೊಠಡಿ ಬಾಡಿಗೆಯ ಮಿತಿ ದಿನಕ್ಕೆ ಮೊತ್ತದ ಶೇಕಡಾ ಒಂದು, ಅಂದರೆ ಈ ಚಿಕಿತ್ಸೆಗೆ ಮೂರು ಸಾವಿರ. ಮಿತಿ ಮೀರಿದ ಕೊಠಡಿ ಹಿಡಿದರೆ ಹೆಚ್ಚಿನ ಬಾಡಿಗೆಯನ್ನು ಮಾತ್ರ ನಾವು ಕೊಟ್ಟರೆ ಸಾಲದು; ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮುಂತಾದವೂ ಅದೇ ಅನುಪಾತದಲ್ಲಿ ಕಡಿತವಾಗುತ್ತವೆ. 4,200 ರೂಪಾಯಿಯ ಕೊಠಡಿ ಹಿಡಿದರೆ ಅಂಥ ಖರ್ಚುಗಳಲ್ಲಿ ನೂರಕ್ಕೆ ಸುಮಾರು 71 ಮಾತ್ರ ಸಿಗುತ್ತಿತ್ತು. ಔಷಧಿ, ಇಂಪ್ಲಾಂಟ್ (ಗಂಟಿನೊಳಗೆ ಕೂರಿಸುವ ಕೃತಕ ಕೀಲು), ಪರೀಕ್ಷೆಗಳಿಗೆ ಈ ಕಡಿತ ಇಲ್ಲ. ಇದನ್ನು ಓದಿದ ಮೇಲೆ ಇಬ್ಬರು ಹಂಚಿಕೊಳ್ಳುವ ಕೊಠಡಿಯೇ ಸಾಕೆಂದು ಅಮ್ಮನೂ ಒಪ್ಪಿದರು.

ಮಂಗಳೂರಿನ ಮಾತು ಬಂದಾಗ ಅಮ್ಮ ಮೊದಲು ಕೇಳಿದ್ದು ಖರ್ಚಿನ ವಿಷಯವಲ್ಲ. “ಆ ಸಲದ ಹಾಗೆ ರಸ್ತೆ ಮುಚ್ಚಿದರೆ?” ಎಂದರು. ಕೊರೊನಾ ಹಬ್ಬುತ್ತಿದ್ದ 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ನಮ್ಮ ಕಡೆಯ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಗಡಿಯ ಜನರು ಅದನ್ನು ಮರೆತಿಲ್ಲ. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜು ನಮ್ಮ ಮನೆಗೆ ಅತ್ಯಂತ ಹತ್ತಿರ. ಅದು ಎಲ್ಲ ವಿಭಾಗಗಳಲ್ಲೂ ಬೆಳೆಯಲಿ ಎಂಬ ಆಸೆಯನ್ನು ಆ ವರ್ಷದ ನಂತರ ನಾವು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ಅಮ್ಮನಿಗೆ ಸಮಾಧಾನ ಹೇಳಿ ಅಕ್ಟೋಬರ್ ಕೊನೆಗೆ ಮಂಗಳೂರಿಗೆ ಹೊರಟೆವು. ನೀರ್ಚಾಲಿನ ಮಾಸ್ತರರಿಗೆ ಶಸ್ತ್ರಚಿಕಿತ್ಸೆ ಮಾಡಿದ್ದ ತಜ್ಞರು ಅಲ್ಲಿದ್ದರು.

ಅವರು ಎಕ್ಸ್‌ರೇ ನೋಡುವ ಮೊದಲು ಅಮ್ಮನನ್ನು ನೋಡಿದರು. “ಅಮ್ಮಾ, ತೋಟ ಉಂಟಾ? ಎಷ್ಟು ಮೆಟ್ಟಿಲು?” ಎಂದು ಕನ್ನಡದಲ್ಲಿ ಕೇಳಿ, ನಡುವೆ ತುಳುವಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬಂದರು. ಅಮ್ಮ ಹದಿನೈದು ನಿಮಿಷ ತಾವಾಗಿ ಮಾತನಾಡಿದರು. ನಾನು ಎರಡು ವರ್ಷಗಳಲ್ಲಿ ಕೇಳಿರದ ಸಂಗತಿಗಳು ಅಂದು ಗೊತ್ತಾದವು: ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಅವರು ಕಡಿಮೆ ಮಾಡಿದ್ದರು. ಎರಡೂ ಗಂಟುಗಳನ್ನು ಒಟ್ಟಿಗೆ ಬದಲಿಸುವುದು ಬೇಡ, ಬಲಗಾಲು ಈಗ ಆಗಲಿ, ಎಡಗಾಲಿಗೆ ಕೆಲವು ತಿಂಗಳು ವ್ಯಾಯಾಮ ಮಾಡಿ ನೋಡೋಣ ಎಂದು ವೈದ್ಯರು ಹೇಳಿದರು. ಇಂಪ್ಲಾಂಟಿನ ಬೆಲೆಯನ್ನು ನಾನು ಕೇಳಿದಾಗ ಬೇಸರಿಸದೆ ಉತ್ತರಿಸಿದರು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮೊಣಗಂಟಿಗೆ 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಮಿತಿ ಹಾಕಿದ್ದು ನನ್ನ ಬಳಿ ಬರೆದಿಟ್ಟಿತ್ತು. ಅದಕ್ಕೂ ಮೊದಲು ಈ ಇಂಪ್ಲಾಂಟಿಗೇ ಲಕ್ಷ ಮೀರಿ ಕೊಟ್ಟವರ ಕಥೆಗಳನ್ನು ಕೇಳಿದ್ದೆ.

ಈ ಸಲ ನೇರವಾಗಿ ಇನ್ಶೂರೆನ್ಸ್ ಡೆಸ್ಕಿಗೆ ಹೋದೆ. ನಮ್ಮ ಕಂಪನಿಯೊಂದಿಗೆ ಒಪ್ಪಂದ ಇಂದಿಗೆ ಜಾರಿಯಲ್ಲಿದೆಯೇ, ಅದರಲ್ಲಿ ಎಲುಬಿನ ವಿಭಾಗವೂ ಈ ವೈದ್ಯರೂ ಸೇರಿದ್ದಾರೆಯೇ, ನನ್ನ ಪಾಲಿಸಿಯಲ್ಲಿ ಈ ಚಿಕಿತ್ಸೆಗೆ ಇಂದು ಎಷ್ಟು ಸಿಗುತ್ತದೆ ಎಂದು ಬೇರೆ ಬೇರೆಯಾಗಿ ಕೇಳಿದೆ. ಮೊದಲ ಎರಡಕ್ಕೆ ಆಸ್ಪತ್ರೆ ಉತ್ತರಿಸಬಲ್ಲದು, ಮೂರನೆಯದಕ್ಕೆ ವಿಮಾ ಕಂಪನಿ ಮಾತ್ರ. ಡೆಸ್ಕಿನ ತರುಣಿ ಎರಡಕ್ಕೂ ಹೌದೆಂದು ಹೇಳಿ, ನನ್ನ ಕೋರಿಕೆಯ ಮೇರೆಗೆ ಇ-ಮೇಲಿನಲ್ಲೂ ಬರೆದುಕೊಟ್ಟರು. ಟಿಪಿಎಗೆ ನಾನು ಪ್ರತ್ಯೇಕ ಇ-ಮೇಲ್ ಬರೆದು, ಮೊಣಗಂಟಿಗೆ ಇಷ್ಟೇ ಕೊಡುತ್ತೇವೆಂಬ ಒಳಮಿತಿ ಇದೆಯೇ, ಕೇರಳದ ವಿಳಾಸದ ಪಾಲಿಸಿಗೆ ಮಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ನಾವು ಪಾಲು ಕೊಡಬೇಕೇ ಎಂದು ಕೇಳಿದೆ. ಎರಡೂ ಇಲ್ಲವೆಂಬ ಉತ್ತರ ಮೂರು ದಿನಗಳಲ್ಲಿ ಬಂತು. ಆ ಕಾಗದಗಳನ್ನು ಮುದ್ರಿಸಿ ಫೈಲಿನಲ್ಲಿಟ್ಟೆ.

ನವೆಂಬರ್ ಮೂರನೆಯ ವಾರ ಅಮ್ಮನನ್ನು ದಾಖಲಿಸಿದೆವು. ಎಲ್ಲವೂ ಸರಿಯಾಗಿದೆ ಎಂದುಕೊಂಡಿದ್ದಾಗ ವಿಮಾ ಕಂಪನಿಯಿಂದ ಪ್ರಶ್ನೆಯೊಂದು ಬಂತು: ರೋಗಿಗೆ ಐದು ವರ್ಷಗಳಿಂದ ಮೊಣಗಂಟಿನ ನೋವಿದೆ ಎಂದು ಆಸ್ಪತ್ರೆ ಕಳುಹಿಸಿದ ಕ್ಯಾಶ್‌ಲೆಸ್ ಕೋರಿಕೆ ಪತ್ರದಲ್ಲಿದೆ, ಪಾಲಿಸಿ ಮಾಡಿಸುವಾಗ ಇದನ್ನು ಏಕೆ ತಿಳಿಸಿಲ್ಲ? ಐದು ವರ್ಷ ಹಿಂದೆ ಎಂದರೆ 2020, ಪಾಲಿಸಿಗಿಂತ ಮೊದಲು. ಕಾಯುವ ಅವಧಿ ಮುಗಿದಿದ್ದರೂ, ಇದ್ದ ಕಾಯಿಲೆಯನ್ನು ಮುಚ್ಚಿಟ್ಟರೆಂಬ ಆರೋಪಕ್ಕೆ ಅದು ದಾರಿಯಾಗುತ್ತಿತ್ತು.

ನಡೆದದ್ದು ಇಷ್ಟು. ಹಿಂದಿನ ಸಂಜೆ ವಾರ್ಡಿಗೆ ಬಂದ ಕಿರಿಯ ವೈದ್ಯರು ದೂರದ ಊರಿನವರು, ಕನ್ನಡ ಅಲ್ಪಸ್ವಲ್ಪ. ನಾನು ಔಷಧಿಗೆಂದು ಕೆಳಗೆ ಹೋಗಿದ್ದೆ. ಯಾವಾಗಿನಿಂದ ಎಂದು ಅವರು ಕೇಳಿದಾಗ ಅಮ್ಮ, ಐದು ವರ್ಷ ಹಿಂದೆ ಅಂಗಳದಲ್ಲಿ ಅಡಿಕೆ ಒಣಗಿಸುವಾಗ ಜಾರಿ ಬಿದ್ದದ್ದನ್ನೂ ಅದು ಒಂದು ವಾರದಲ್ಲಿ ವಾಸಿಯಾದದ್ದನ್ನೂ ಈ ನೋವು ಎರಡು ವರ್ಷದ್ದು ಎಂಬುದನ್ನೂ ಒಟ್ಟಿಗೆ ಹೇಳಿದ್ದರು. ಕಿರಿಯ ವೈದ್ಯರಿಗೆ ಕೇಳಿಸಿದ್ದು ಮೊದಲಿನ ಐದು ಮಾತ್ರ. ಕಾಸರಗೋಡಿನಲ್ಲಿ ನಾನು ಯಾವುದಕ್ಕೆ ಹಿಂಜರಿದಿದ್ದೆನೋ ಅದು ಮಂಗಳೂರಿನ ವಾರ್ಡಿನಲ್ಲಿ ಎದುರಾಯಿತು. ಅಲ್ಲಿಯವರೆಗೆ ವೈದ್ಯರ ಭಾಷೆಯನ್ನು ಅಮ್ಮನ ನೆಮ್ಮದಿಯ ವಿಷಯವೆಂದು ಮಾತ್ರ ತಿಳಿದಿದ್ದೆ. ರೋಗಿಯ ಮಾತು ಕೇಸ್ ಶೀಟಿನಲ್ಲಿ ಇಂಗ್ಲಿಷ್ ಸಾಲಾಗಿ, ಆ ಸಾಲು ವಿಮೆಯ ಕಾಗದವಾಗುತ್ತದೆ ಎಂಬುದು ಆಗ ತಿಳಿಯಿತು.

ಮುಖ್ಯ ವೈದ್ಯರಿಗೆ ವಿಷಯ ತಿಳಿಸಿದೆ. “ಗಾಬರಿಯಾಗಬೇಡಿ, ಸರಿ ಏನೋ ಅದನ್ನೇ ಬರೆಯುವ” ಎಂದು ಹೇಳಿ ಅಮ್ಮನ ಬಳಿ ಕುಳಿತು ಮತ್ತೊಮ್ಮೆ ಎಲ್ಲವನ್ನೂ ಕೇಳಿದರು. ಹಳೆಯ ಸಾಲನ್ನು ಒರಸಿ ತಿದ್ದದೆ, ಮೊದಲಿನ ದಾಖಲೆ ಹೇಗೆ ತಪ್ಪಾಯಿತೆಂದು ವಿವರಿಸಿ, ಸಹಿ ಮತ್ತು ದಿನಾಂಕ ಸಹಿತ ಪ್ರತ್ಯೇಕ ಪತ್ರ ಕೊಟ್ಟರು. ಬದಿಯಡ್ಕದ ವೈದ್ಯರ 2023ರ ಡಿಸೆಂಬರಿನ ಚೀಟಿಯನ್ನೂ ಅದೇ ತಿಂಗಳ ಎಕ್ಸ್‌ರೇ ವರದಿಯನ್ನೂ ಜೊತೆಗಿಟ್ಟೆವು. ಹಳೆಯ ಚೀಟಿಗಳನ್ನು ಕ್ಯಾಲೆಂಡರಿನ ಹಿಂದಿನ ಮೊಳೆಗೆ ಸಿಕ್ಕಿಸಿಡುವ ಅಮ್ಮನ ಅಭ್ಯಾಸ ಆ ದಿನ ನಮ್ಮನ್ನು ಕಾಪಾಡಿತು. ಹೆಂಡತಿ ಮನೆಯಿಂದ ಅವುಗಳ ಚಿತ್ರ ತೆಗೆದು ಕಳುಹಿಸಿದಳು. ಉತ್ತರ ಸೇರಿದ ಮೇಲೆ ಒಂದು ಗಂಟೆಯೊಳಗೆ 1,20,000 ರೂಪಾಯಿಯ ಮೊದಲ ಒಪ್ಪಿಗೆ ಬಂತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ವೇಳೆಯ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ನಿರ್ಧಾರ ತಿಳಿಸಬೇಕೆಂದು 2024ರ ಮೇ ತಿಂಗಳಲ್ಲಿ ವಿಮಾ ಪ್ರಾಧಿಕಾರ ಕಂಪನಿಗಳಿಗೆ ಸೂಚಿಸಿದೆ.

ಶಸ್ತ್ರಚಿಕಿತ್ಸೆ ಮರುದಿನ ಬೆಳಗ್ಗೆ ನಡೆಯಿತು, ಅದರ ಮರುದಿನ ವಾಕರ್ ಹಿಡಿದು ಅಮ್ಮ ನಾಲ್ಕು ಹೆಜ್ಜೆ ಇಟ್ಟರು. ಆರನೆಯ ದಿನ ಮನೆಗೆ ಹೊರಟೆವು. ಒಟ್ಟು ಬಿಲ್ಲು 2,26,400 ರೂಪಾಯಿ, ವಿಮೆಯಿಂದ 2,08,900, ನಾವು ಕಟ್ಟಿದ್ದು 17,500. ಕೈಗವಸು, ಹೊದಿಕೆ ಮುಂತಾಗಿ ಪಾಲಿಸಿ ಕೊಡದ ವಸ್ತುಗಳು, ದಾಖಲಾತಿ ಶುಲ್ಕ, ಜೊತೆಗಿದ್ದವರ ಊಟ ಇವೆಲ್ಲ ಅದರಲ್ಲಿದ್ದವು. ಇಂಪ್ಲಾಂಟಿನ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿ ಕೊಡಬೇಕೆಂದು ಕೇಳಿ ಪಡೆದೆ. ಮುಂದೆ ಯಾವ ಊರಿನ ವೈದ್ಯರು ನೋಡಿದರೂ ಗಂಟಿನೊಳಗೆ ಏನಿದೆ ಎಂಬುದು ಆ ಸ್ಟಿಕ್ಕರಿನಿಂದ ತಿಳಿಯುತ್ತದೆ.

ಮುಳ್ಳೇರಿಯದ ಅಕ್ಕನ ಮಾತು ನೆನಪಿದ್ದುದರಿಂದ ಫಿಸಿಯೋಥೆರಪಿಸ್ಟರೊಬ್ಬರನ್ನು ಮೊದಲೇ ಗೊತ್ತುಮಾಡಿದ್ದೆ. ಅವರು ವಾರಕ್ಕೆ ನಾಲ್ಕು ದಿನ ಮನೆಗೆ ಬಂದರು. ದಾಖಲಾಗುವ ಮೊದಲಿನ 30 ದಿನ ಮತ್ತು ಬಿಡುಗಡೆಯ ನಂತರದ 60 ದಿನಗಳ ಖರ್ಚು ನಮ್ಮ ಪಾಲಿಸಿಯಲ್ಲಿ ಸೇರುವುದರಿಂದ, ರಕ್ತಪರೀಕ್ಷೆಯಿಂದ ಹಿಡಿದು ವ್ಯಾಯಾಮದ ರಸೀದಿಯವರೆಗೆ ಎಲ್ಲವನ್ನೂ ಸೇರಿಸಿ ಕಳುಹಿಸಿದೆ. ವ್ಯಾಯಾಮ ಬೇಕೆಂದು ಶಸ್ತ್ರವೈದ್ಯರು ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದುದರಿಂದ ಅದಕ್ಕೂ ಹಣ ಬಂತು. ಕಾಸರಗೋಡಿನಲ್ಲಿ ನಿಲ್ಲಿಸಿ ತೆಗೆಸಿದ ಎಕ್ಸ್‌ರೇ ಮಾತ್ರ 30 ದಿನಗಳಿಗಿಂತ ಹಿಂದಿನದಾಗಿ ಹೊರಗುಳಿಯಿತು.

ಜನವರಿ ಕೊನೆಯ ವಾರ ಅಮ್ಮ ನನ್ನ ಕೈ ಹಿಡಿದು ಏಳು ಮೆಟ್ಟಿಲು ಇಳಿದು, ಅಲ್ಲಿಂದಲೇ ತೋಟ ನೋಡಿ ಹಿಂದಿರುಗಿದರು. ಎಡಗಾಲು ಈಗ ಸತಾಯಿಸುತ್ತಿದೆ. 2023ರಲ್ಲಿ ಹೆಚ್ಚಿಸಿದ ಎರಡು ಲಕ್ಷಕ್ಕೂ ಮೂರು ವರ್ಷ ತುಂಬುವುದು ಈ ಮಾರ್ಚಿನಲ್ಲಿ. ಅದೇ ವೈದ್ಯರನ್ನು ಏಪ್ರಿಲ್ ಎರಡನೆಯ ವಾರ ಕಾಣುವುದೆಂದು ನಿಶ್ಚಯಿಸಿದ್ದೇವೆ. ಎಡಗಾಲಿನ ನೋವು ಯಾವ ತಿಂಗಳು ಶುರುವಾಯಿತು, ಯಾವಾಗ ಹೆಚ್ಚಾಯಿತು ಎಂಬುದನ್ನು ಅಮ್ಮ ಹೇಳಿದಂತೆಯೇ ಕನ್ನಡದಲ್ಲಿ ಬರೆದು, ಕೆಳಗೆ ಅದರ ಇಂಗ್ಲಿಷ್ ರೂಪವನ್ನೂ ಸೇರಿಸಿ, ಅವರ ಸಹಿ ಹಾಕಿಸಿ ಫೈಲಿನ ಮೊದಲ ಪುಟವಾಗಿ ಇಟ್ಟಿದ್ದೇನೆ.